ಧಗಿ

ಬೇಸಗೆಯ ಮೈಸುಡುವ ಸೆಕೆಗೆ ಉತ್ತರ ಕರ್ನಾಟಕದ ಜನ ಬಾಯಿಮಾತಿನಲ್ಲಿ ಬಳಸುವ ಪದ ಧಗಿ. ಬರಹದ ಕನ್ನಡದಲ್ಲಿ ಇದರ ರೂಪ ಧಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಲ್ಲಿ ಮಾರ್ಚ್ ತಿಂಗಳಿಂದ ಮುಂಗಾರು ಕಾಲಿಡುವವರೆಗೆ ಬಸ್ ನಿಲ್ದಾಣ, ಕಿರಾಣಿ ಅಂಗಡಿ, ಗುಡಿಯ ಕಟ್ಟೆ ಎಲ್ಲಿ ಹೋದರೂ ಕಿವಿಗೆ ಬೀಳುವ ಮಾತು ಇದು. ನಿಘಂಟುಗಳು ಕಾವು, ತಾಪ, ಬೇಗೆ ಎಂದು ಅರ್ಥ ಕೊಟ್ಟು ಮುಂದೆ ಸಾಗುತ್ತವೆ. ಆಡುವವರ ಬಾಯಲ್ಲಿ ಅದಕ್ಕೆ ಇನ್ನೂ ಖಚಿತವಾದ ಅರ್ಥವಿದೆ. ಬಿಸಿಲಾದರೆ ನೆರಳಿಗೆ ಬಂದಾಗ ತಪ್ಪುತ್ತದೆ. ಧಗಿ ನೆರಳಿಗೂ ಬರುತ್ತದೆ, ಮನೆಯೊಳಗೂ ಇರುತ್ತದೆ, ಹೊತ್ತು ಮುಳುಗಿದ ಮೇಲೂ ಬಿಡುವುದಿಲ್ಲ. ಈ ಲೇಖನ ತುಕ್ಕಾನಟ್ಟಿ ಮತ್ತು ಅದರ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಳಕೆಯನ್ನು ಮುಂದಿಟ್ಟುಕೊಂಡು ಆ ಪದವನ್ನೂ ಅದರ ಒಡನಾಡಿಗಳನ್ನೂ ಪರಿಚಯಿಸುತ್ತದೆ.

ಸೀಮೆ ಮತ್ತು ಹವೆ

ತುಕ್ಕಾನಟ್ಟಿ ಬೆಳಗಾವಿ ಜಿಲ್ಲೆಯ ಗ್ರಾಮ. ಬಹುಕಾಲ ಗೋಕಾಕ ತಾಲೂಕಿನಲ್ಲಿದ್ದ ಈ ಭಾಗ ಮೂಡಲಗಿ ಹೊಸ ತಾಲೂಕಾದಾಗ ಅದಕ್ಕೆ ಸೇರಿತು. ಬರ್ಡ್ಸ್ ಸಂಸ್ಥೆ ನಡೆಸುವ ಕೃಷಿ ವಿಜ್ಞಾನ ಕೇಂದ್ರ ಇರುವುದರಿಂದ ಜಿಲ್ಲೆಯ ರೈತರಿಗೆ ಊರಿನ ಹೆಸರು ಚೆನ್ನಾಗಿ ಗೊತ್ತು. ಪಶ್ಚಿಮಕ್ಕೆ ಹುಕ್ಕೇರಿ ತಾಲೂಕು, ಅಲ್ಲಿ ಹಿಡಕಲ್ ಜಲಾಶಯ. ಘಟಪ್ರಭಾ ನದಿ ಅಲ್ಲಿಂದ ಧೂಪದಾಳ ದಾಟಿ, ಗೋಕಾಕ ಫಾಲ್ಸಿನಲ್ಲಿ ಸುಮಾರು 52 ಮೀಟರ್ ಕೆಳಗೆ ಬಿದ್ದು ಪೂರ್ವದ ಬಯಲಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಜನ ಜಾತ್ರೆಯಂತೆ ನೆರೆಯುವ ಆ ಜಲಪಾತದಲ್ಲಿ ಏಪ್ರಿಲ್ ಹೊತ್ತಿಗೆ ಉಳಿಯುವುದು ಬರಿ ಬಂಡೆ. ಸುತ್ತಲಿನ ಕಲ್ಲುಗುಡ್ಡಗಳು ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಹೊರಬಿಡುತ್ತವೆ.

ಒಂದೇ ಜಿಲ್ಲೆಯಾದರೂ ಬೆಳಗಾವಿ ಪಟ್ಟಣದ ಬೇಸಗೆ ಬೇರೆ, ಗೋಕಾಕದ ಬೇಸಗೆ ಬೇರೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿದೆ. ಸಂಜೆಯಾದರೆ ಪಡುವಣ ಗಾಳಿ ಬೀಸುತ್ತದೆ. ಗೋಕಾಕ, ಮೂಡಲಗಿಗಳು ಅದಕ್ಕಿಂತ ತಗ್ಗಿನಲ್ಲಿ, ಘಟ್ಟದ ಮಳೆನೆರಳಿನಲ್ಲಿವೆ. ಏಪ್ರಿಲ್, ಮೇ ತಿಂಗಳ ಎಷ್ಟೋ ಮಧ್ಯಾಹ್ನಗಳಲ್ಲಿ ಉಷ್ಣತೆ 38ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ರಾಯಚೂರು, ಕಲಬುರಗಿಯವರಿಗೆ ಇದು ದೊಡ್ಡ ಅಂಕಿಯೇನಲ್ಲ. ಬೆಳಗಾವಿಯಿಂದ ವರ್ಗವಾಗಿ ಬಂದ ಮಾಸ್ತರರಿಗೆ ಮಾತ್ರ ಮೊದಲ ಬೇಸಗೆ ಅಳಿಸಿಬಿಡುತ್ತದೆ.

ಇಲ್ಲೊಂದು ಖಗೋಳದ ಲೆಕ್ಕವೂ ಇದೆ. ಗೋಕಾಕ ಸೀಮೆ ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಿಂದ ತುಸು ಮೇಲೆ. ಹೀಗಾಗಿ ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ನೇರಕ್ಕೆ ಬರುತ್ತಾನೆ, ನಿಂತ ಮನುಷ್ಯನ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಗಡಿಯಾರದಲ್ಲಿ ಆಗ ಹನ್ನೆರಡೂವರೆಯ ಹತ್ತಿರ. ಭಾರತದ ಸಮಯವನ್ನು ಎಣಿಸುವ ರೇಖಾಂಶಕ್ಕಿಂತ ಈ ಸೀಮೆ ಪಶ್ಚಿಮಕ್ಕಿರುವುದರಿಂದ ಅಷ್ಟು ತಡ. ‘ನೆತ್ತಿ ಸುಡೋ ಬಿಸಲ’ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆಯೇನಲ್ಲ. ಆಗಸ್ಟ್ ಮೊದಲ ಭಾಗದಲ್ಲಿ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ, ಆದರೆ ಆಗ ಮೋಡ ಮುಚ್ಚಿರುತ್ತದೆ, ಯಾರೂ ಗಮನಿಸುವುದಿಲ್ಲ.

ಪದದ ಹುಟ್ಟು

ಬೆಳಗಾವಿ, ಧಾರವಾಡ ಭಾಗದ ಮಾತಿನಲ್ಲಿ ಎಕಾರದಿಂದ ಮುಗಿಯುವ ಹೆಸರುಗಳು ಇಕಾರಕ್ಕೆ ತಿರುಗುತ್ತವೆ. ಮನೆ ಮನಿಯಾದಂತೆ, ಮಳೆ ಮಳಿಯಾದಂತೆ, ಧಗೆ ಧಗಿಯಾಗಿದೆ, ಸೆಕೆ ಶಕಿಯಾಗಿದೆ, ಬೇಸಗೆ ಬ್ಯಾಸಗಿಯಾಗಿದೆ. ಸಪ್ತಮಿಯಲ್ಲಿ ‘ಧಗೆಯಲ್ಲಿ’ ಎನ್ನುವ ಕಡೆ ‘ಧಗ್ಯಾಗ’ ಬರುತ್ತದೆ: “ಇಂಥಾ ಧಗ್ಯಾಗ ಎಲ್ಲಿ ಹೊಂಟಿ?” ಅವಸರದ ಮಾತಿನಲ್ಲಿ ಮಹಾಪ್ರಾಣ ಬಿದ್ದುಹೋಗಿ ‘ದಗಿ’ ಎಂದೇ ಕೇಳಿಸುವುದೂ ಉಂಟು.

ಹುಟ್ಟಿನ ಬಗ್ಗೆ ಎರಡು ದಾರಿಗಳಿವೆ. ‘ಧಗಧಗ’ ಎಂಬ ಬೆಂಕಿಯ ಅನುಕರಣ ಶಬ್ದ, ಸುಡು ಎಂಬ ಅರ್ಥದ ಸಂಸ್ಕೃತದ ‘ದಹ್’ ಧಾತು, ಅದರಿಂದ ಬಂದ ‘ದಗ್ಧ’ ಒಂದು ದಾರಿ. ಮಹಾಪ್ರಾಣವಿಲ್ಲದ ‘ದಗೆ’ ಇನ್ನೊಂದು ದಾರಿ. ಹಳೆಯ ಕನ್ನಡದ ದಗೆಗೆ ಬಾಯಾರಿಕೆ ಎಂಬ ಅರ್ಥವೂ ಇದೆ, ತೆಲುಗಿನ ‘ದಗ’ ಕೂಡ ಕಾವು, ಬಾಯಾರಿಕೆ ಎರಡನ್ನೂ ಸೂಚಿಸುತ್ತದೆ. ಮರಾಠಿಯ ‘ಧಗ’ ಬೆಂಕಿಯ ಕಾವು. ಉದ್ಧವ ಶೆಳಕೆ 1960ರಲ್ಲಿ ಪ್ರಕಟಿಸಿದ ಹೆಸರಾಂತ ಮರಾಠಿ ಕಾದಂಬರಿಗೆ ಅದೇ ಶೀರ್ಷಿಕೆ. ಗಡಿಯ ಎರಡೂ ಕಡೆ ಒಂದೇ ಪದ ನಡೆದಾಡುತ್ತಿರುವಾಗ ಯಾರು ಯಾರಿಂದ ಕಡ ತಂದರು ಎಂದು ತೀರ್ಪು ಹೇಳುವುದಕ್ಕಿಂತ, ಎರಡು ದಾರಿಗಳೂ ಈ ಸೀಮೆಯಲ್ಲಿ ಬಂದು ಕೂಡಿವೆ ಎನ್ನುವುದೇ ಮೇಲು. ಬಾಯಾರಿಕೆಯ ಹಳೆಯ ಅರ್ಥವಂತೂ ಇಂದಿನ ಬಳಕೆಯಲ್ಲಿ ಪೂರ್ತಿ ಸತ್ತಿಲ್ಲ. ಧಗಿ ಎಂದವರ ಮುಂದಿನ ಮಾತು ಹೆಚ್ಚಾಗಿ “ಒಂದ್ ತಂಬಿಗಿ ನೀರ್ ಕೊಡ ಬೇ ಯವ್ವಾ” ಎಂದೇ ಇರುತ್ತದೆ.

ಬಿಸಿಲಿನ ಕುಟುಂಬ ಬೇರೆ. ಬೇಯು, ಬೇಗೆ, ಬಿಸಿ, ಬಿಸಿಲು, ಬೇಸಗೆ ಎಲ್ಲ ಒಂದೇ ದ್ರಾವಿಡ ಬೇರಿನವು. ತಮಿಳು, ಮಲಯಾಳಗಳ ‘ವೆಯಿಲ್’, ತೆಲುಗಿನ ‘ವೇಸವಿ’ ಇವುಗಳ ಅಕ್ಕತಂಗಿಯರು. ಸೆಕೆಗೆ ತೆಲುಗಿನ ‘ಸೆಗ’ ಹತ್ತಿರದ ನೆಂಟ.

ಬಿಸಲ, ಝಳ, ಧಗಿ, ಕುದಿ

ಮುಖ್ಯ ವಿಷಯ ಇದು. ಈ ಸೀಮೆಯ ಮಾತಿನಲ್ಲಿ ಬಿಸಿಗೆ ಹೆಸರುಗಳು ಬಹಳ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಬಿಸಲ ಮೇಲಿನಿಂದ ಬೀಳುವಂಥದು. ಅದು ಬೀಳುತ್ತದೆ, ಏರುತ್ತದೆ, ಇಳಿಯುತ್ತದೆ. ಅದರ ಏರಿಳಿತವೇ ಹೊಲದ ಗಡಿಯಾರ. “ಬಿಸಲ ಏರೂದ್ರಾಗ ಕೆಲಸ ಮುಗಿಸ್ರಿ” ಎಂದರೆ ಹತ್ತು ಗಂಟೆಯ ಒಳಗೆ. “ಬಿಸಲ ಇಳೀಲಿ ತಡಿ ತಮ್ಮಾ, ಆಮ್ಯಾಲೆ ಹೋಗೀಯಂತ” ಎಂದರೆ ನಾಲ್ಕರ ನಂತರ. ಎಳೆಬಿಸಿಲು, ಹೂಬಿಸಿಲು, ಇಳಿಬಿಸಿಲು ಎಂದು ಅದಕ್ಕೆ ಮುದ್ದಿನ ಹೆಸರುಗಳೂ ಇವೆ. ಚಳಿಗಾಲದಲ್ಲಿ ಬಿಸಿಲು ಬೇಕಾದದ್ದು, ಜನ ಬಿಸಲ ಕಾಯಿಸುತ್ತಾರೆ. ಧಗಿಯನ್ನು ಯಾರೂ ಕಾಯಿಸುವುದಿಲ್ಲ, ಅದಕ್ಕೆ ಯಾವ ಮುದ್ದಿನ ಹೆಸರೂ ಇಲ್ಲ.

ಝಳ ಎದುರಿನಿಂದ ಬಂದು ಮುಖಕ್ಕೆ ಹೊಡೆಯುವಂಥದು. ಕಾದ ಡಾಂಬರು ರಸ್ತೆಯಿಂದ, ಬಂಡೆಯಿಂದ, ಬಿಸಿಗಾಳಿಯಿಂದ ಬರುವ ಹೊಡೆತ. ಒಲೆಯ ಮುಂದೆ ರೊಟ್ಟಿ ಬಡಿಯುವವಳಿಗೂ ಝಳವೇ ಬಡಿಯುತ್ತದೆ. ಮರಾಠಿಯಲ್ಲೂ ಇದೇ ಪದ, ಇದೇ ಅರ್ಥ. ಬಿಸಿಲಿನ ಹೊಡೆತಕ್ಕೆ ತಲೆಸುತ್ತಿ ಬಿದ್ದವನ ಬಗ್ಗೆ “ಅವಂಗ ಝಳಾ ಬಡದೈತಿ” ಎನ್ನುತ್ತಾರೆ. ಇದು ರೋಗದ ಹೆಸರೂ ಹೌದು. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ ಪ್ರಜ್ಞೆ ತಪ್ಪುವ ಸ್ಥಿತಿಯನ್ನು ವೈದ್ಯರು ತುರ್ತು ಚಿಕಿತ್ಸೆಯ ಪ್ರಸಂಗ ಎಂದೇ ಎಣಿಸುತ್ತಾರೆ. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಹೋದರೆ ಝಳ ಬಡಿಯದು ಎಂಬ ನಂಬಿಕೆ ಇಲ್ಲಿ ಹಳೆಯದು. ಕಿಸೆಯ ಉಳ್ಳಾಗಡ್ಡಿಗಿಂತ ಹೊಟ್ಟೆಗೆ ಹೋದ ಮಜ್ಜಿಗಿ, ತಲೆಗೆ ಸುತ್ತಿದ ಪಟಗಾ ಹೆಚ್ಚು ಕಾಯುತ್ತವೆ.

ಧಗಿ ಎಲ್ಲಿಂದ ಬಂತೆಂದು ಬೆರಳು ತೋರಿಸಲಾಗದ ಬಿಸಿ. ಅದು ಸುತ್ತ ತುಂಬಿರುತ್ತದೆ. “ಒಳಗ ಧಗಿ, ಹೊರಗ ಝಳಾ, ಎಲ್ಲಿ ಕುಂದ್ರೂದು?” ಎಂಬ ಮುದುಕಿಯ ಗೊಣಗಾಟದಲ್ಲಿ ಎರಡರ ಗಡಿ ಸ್ಪಷ್ಟವಾಗಿದೆ. ಬಿಸಿಲು ಅತಿ ತೀಕ್ಷ್ಣವಾಗುವುದು ಹನ್ನೆರಡೂವರೆಗೆ. ಹೊರಗಿನ ಗಾಳಿ ಅತಿ ಹೆಚ್ಚು ಕಾಯುವುದು ಎರಡೂವರೆಯಿಂದ ನಾಲ್ಕರ ನಡುವೆ, ಏಕೆಂದರೆ ಕಾದ ನೆಲ ಗಾಳಿಯನ್ನು ಕಾಯಿಸಲು ಹೊತ್ತು ಬೇಕು. ಮನೆಯೊಳಗೆ ಅದು ಇನ್ನೂ ತಡ. ಸ್ಲ್ಯಾಬಿನ ಮೇಲ್ಛಾವಣಿ ದಿನವಿಡೀ ಹೀರಿದ ಕಾವನ್ನು ಸಂಜೆಯ ಮೇಲೆ ಕೆಳಕ್ಕೆ ಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕೂತವರು “ಏನ್ ಧಗಿ ಐತಿ ಯಪ್ಪಾ” ಎನ್ನುವಾಗ ಹೊರಗೆ ಆಗಲೇ ತಂಪುಗಾಳಿ ಆಡುತ್ತಿರಬಹುದು.

ಮನೆಯ ಕಟ್ಟಡಕ್ಕೂ ಪದಕ್ಕೂ ಹೀಗೆ ನೇರ ಸಂಬಂಧ. ದಪ್ಪ ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣು ಹರಡಿದ ಹಳೆಯ ಮಾಳಿಗಿ ಮನೆಗಳಲ್ಲಿ ಹೊರಗಿನ ಕಾವು ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು, ಮಧ್ಯಾಹ್ನ ಒಳಗೆ ಮಲಗಬಹುದಿತ್ತು. ಆ ಮನೆಗಳು ಕಡಿಮೆಯಾದವು. ತಗಡಿನ ಮನೆ ಬಿಸಿಲಿನ ಜೊತೆಗೇ ಕಾಯುತ್ತದೆ, ಬಿಸಿಲಿನ ಜೊತೆಗೇ ಆರುತ್ತದೆ. ಸ್ಲ್ಯಾಬಿನ ಮನೆ ತಡವಾಗಿ ಕಾದು ತಡವಾಗಿ ಆರುತ್ತದೆ. ಬಡವನಿಗೆ ಹಗಲಿನ ಧಗಿ, ಅನುಕೂಲವಂತನಿಗೆ ರಾತ್ರಿಯ ಧಗಿ ಎಂದು ಹಂಚಿಕೆಯಾಗಿದೆ ಎನ್ನಬಹುದು. ಅನುಕೂಲವಂತನಿಗೆ ಫ್ಯಾನು, ಕೂಲರು ಇರುತ್ತವೆ ಎನ್ನುವುದನ್ನೂ ಕರೆಂಟು ಹೋದರೆ ಅವು ತಿರುಗವು ಎನ್ನುವುದನ್ನೂ ಸೇರಿಸಿಕೊಳ್ಳಬೇಕು.

ಕುದಿ ನಾಲ್ಕನೆಯದು, ಮೈಯೊಳಗೆ ಆಗುವಂಥದು. ಮೋಡ ಕವಿದು, ಗಾಳಿ ನಿಂತು, ಬೆವರು ಇಳಿದರೂ ಆರದೆ ಇರುವ ಹೊತ್ತು. “ಮೈಯೆಲ್ಲಾ ಕುದ್ಯಾಕತ್ತೈತಿ, ಮಳಿ ಬರತೈತಿ ನೋಡ ಕಾಕಾ” ಎಂಬ ಮಾತು ಏಪ್ರಿಲ್ ಕೊನೆಯ ಮತ್ತು ಮೇ ತಿಂಗಳ ಸಂಜೆಗಳಲ್ಲಿ ಕೇಳುತ್ತದೆ. ಅದು ಹವಾಮಾನದ ಮುನ್ಸೂಚನೆಯೂ ಹೌದು, ಬಹಳ ಸಲ ನಿಜವೂ ಆಗುತ್ತದೆ. ಗುಡುಗು, ಸಿಡಿಲಿನ ಅಡ್ಡಮಳಿಗೆ ಮುನ್ನ ಗಾಳಿಯಲ್ಲಿ ತೇವ ಹೆಚ್ಚಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊರಹೋಗುತ್ತದೆ. ಗಾಳಿ ಆಗಲೇ ತೇವದಿಂದ ತುಂಬಿದ್ದರೆ ಬೆವರು ಹರಿದುಹೋಗುತ್ತದೆಯೇ ಹೊರತು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಮೂಲೆಯಲ್ಲಿಟ್ಟ ಮಣ್ಣಿನ ಹರವಿ ನೀರಿನ ಕಥೆಯೂ ಇದೇ. ಒಣ ಝಳದ ದಿನ ಹರವಿಯ ಹೊರಮೈ ಆರುತ್ತ ನೀರು ತಂಪಾಗುತ್ತದೆ, ಕುದಿಯ ದಿನ ಅದೇ ಹರವಿ ಕೈಕೊಡುತ್ತದೆ. ತೇವಾಂಶ ಅಳೆಯುವ ಉಪಕರಣ ಇಲ್ಲದ ಮನೆಯಲ್ಲಿ ಹರವಿ ಆ ಕೆಲಸ ಮಾಡುತ್ತದೆ.

ಈ ನಾಲ್ಕರ ಸುತ್ತ ಸದ್ದಿನ ಪದಗಳ ಒಂದು ದಂಡೇ ಇದೆ. ರಣರಣ ಬಿಸಲ, ಮಟಮಟ ಮಧ್ಯಾಹ್ನ, ಕಾಲು ಚುರುಚುರು, ನಿಗಿನಿಗಿ ಕೆಂಡ, ಭಣಭಣ ಊರು. ಮಟಮಟ ಎಂಬುದು ನಿಜಕ್ಕೂ ಯಾವ ಸದ್ದು ಎಂದು ಕೇಳಿದರೆ ಹೇಳುವುದು ಕಷ್ಟ, ಆದರೆ ಕೇಳಿದೊಡನೆ ಖಾಲಿ ಓಣಿ, ಮುಚ್ಚಿದ ಬಾಗಿಲು, ಬೇವಿನ ಗಿಡದ ಬುಡದಲ್ಲಿ ನಾಲಗೆ ಚಾಚಿದ ನಾಯಿ ಕಣ್ಣಿಗೆ ಬರುತ್ತವೆ. ಅನುಕರಣ ಶಬ್ದಗಳಲ್ಲಿ ಉತ್ತರ ಕರ್ನಾಟಕದ ಕನ್ನಡದಷ್ಟು ಸಿರಿವಂತ ಕನ್ನಡ ಇನ್ನೊಂದಿಲ್ಲ ಎಂಬ ಹೆಮ್ಮೆಗೆ ಬೇಸಗೆಯ ಪದಗಳಷ್ಟೇ ಸಾಕ್ಷಿ ಸಾಕು.

ಹೊಲದ ಕಡೆ

ಘಟಪ್ರಭಾ ಎಡದಂಡೆ ಕಾಲುವೆ ಧೂಪದಾಳದ ಒಡ್ಡಿನಿಂದ ಹೊರಟು ಈ ಭಾಗಕ್ಕೆ ನೀರು ತಂದದ್ದು ಬ್ರಿಟಿಷರ ಕಾಲದಲ್ಲಿ. 1970ರ ದಶಕದಲ್ಲಿ ಹಿಡಕಲ್ ಅಣೆಕಟ್ಟು ಮುಗಿದ ಮೇಲೆ ನೀರಾವರಿ ಬಲವಾಗಿ ಹಬ್ಬಿತು. ಜೋಳ, ಕಡಲೆ ಬೆಳೆಯುತ್ತಿದ್ದ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಗಳಲ್ಲಿ ಕಬ್ಬು, ಗೋವಿನಜೋಳ, ಅರಿಶಿನ ಬಂದವು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಹಿಡಿದು ಸೀಮೆಯ ಉದ್ದಕ್ಕೂ ಸಕ್ಕರೆ ಕಾರ್ಖಾನೆಗಳು ಎದ್ದವು.

ಇದರಿಂದ ಬಿಸಿಯ ಗುಣವೇ ಬದಲಾಯಿತು. ನೀರು ಹಾಯಿಸಿದ ಹೊಲದಲ್ಲಿ ಸೂರ್ಯನ ಶಾಖದ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಹೀಗಾಗಿ ಗಾಳಿಯ ಉಷ್ಣತೆ ತುಸು ತಗ್ಗುತ್ತದೆ, ತೇವ ಏರುತ್ತದೆ. ಒಣ ಸೀಮೆಯ ಝಳ ಕಾಲುವೆ ಸೀಮೆಯಲ್ಲಿ ಕುದಿಯ ಕಡೆ ವಾಲುತ್ತದೆ. ಆಳೆತ್ತರಕ್ಕೆ ಮೀರಿ ಬೆಳೆದ ಕಬ್ಬಿನ ಒಳಗೆ ಇದು ಅತಿ. ಅಲ್ಲಿ ಬಿಸಿಲು ನೆಲಕ್ಕೆ ತಾಕುವುದಿಲ್ಲ, ಗಾಳಿಯೂ ಒಳಹೊಕ್ಕುವುದಿಲ್ಲ, ಎಲೆಯ ಅಂಚು ಬೆವರಿದ ಮೈಯನ್ನು ಗೀರುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು ನಸುಕಿನಲ್ಲೇ ಕೆಲಸ ಹಿಡಿಯುವುದು ಇದೇ ಕಾರಣಕ್ಕೆ. ಹಂಗಾಮು ಮಾರ್ಚ್‌ವರೆಗೆ ಎಳೆದರೆ ಅವರ ಪಾಡು ಹೇಳತೀರದು. ಕಡಿದ ಮೇಲೆ ಉಳಿದ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಇಟ್ಟರಂತೂ ಸುತ್ತಲಿನ ಹೊಲಗಳಿಗೂ ಧಗಿಯೇ. ರವದಿಯನ್ನು ಸುಡದೆ ಹೊಲದಲ್ಲೇ ಹರಡಿ ಕೊಳೆಸಿದರೆ ತೇವ ಉಳಿಯುತ್ತದೆ, ಮಣ್ಣಿಗೆ ಸಾವಯವ ಅಂಶ ಸೇರುತ್ತದೆ. ಕೃಷಿ ವಿಜ್ಞಾನಿಗಳು ಇದನ್ನು ಹೇಳುತ್ತಲೇ ಬಂದಿದ್ದಾರೆ. ಸುಡುವುದು ಸುಲಭ ಎನ್ನುವುದೊಂದೇ ಅದರ ವಿರುದ್ಧದ ವಾದ.

ಧಗಿ ರೈತನಿಗೆ ಬರೀ ವೈರಿಯಲ್ಲ. ಬೇಸಗೆಯಲ್ಲಿ ಮಾಗಿ ಹೊಡೆದು ಮಣ್ಣನ್ನು ಮಗುಚಿ ಬಿಟ್ಟರೆ ಅಡಿಯಲ್ಲಿ ಅಡಗಿದ ಕೀಟದ ಕೋಶ, ರೋಗದ ಬೀಜ, ಕಳೆಯ ಗಡ್ಡೆ ಬಿಸಿಲಿಗೆ ಬಂದು ಸಾಯುತ್ತವೆ. ಎರಿ ನೆಲ ಧಗಿಗೆ ಬಿರುಕು ಬಿಟ್ಟು, ಮೊದಲ ಮಳೆಯ ನೀರನ್ನು ಆ ಬಿರುಕುಗಳಲ್ಲೇ ಆಳಕ್ಕೆ ಇಳಿಸಿಕೊಳ್ಳುತ್ತದೆ. ರೋಹಿಣಿ ಕಾದರೆ ಮಿರಗ ಸುರಿಯುತ್ತದೆ ಎಂಬ ನಂಬಿಕೆ ಇರುವ ಜನ, ಮೇ ಕೊನೆಯಲ್ಲಿ ಧಗಿ ಕಡಿಮೆಯಾದರೆ ಚಿಂತೆ ಮಾಡುತ್ತಾರೆ. ಜೂನ್ 7, 8ರ ಸುಮಾರಿಗೆ ಕೂಡುವ ಈ ಮಿರಗದ, ಅಂದರೆ ಮೃಗಶಿರಾ, ಮಳೆಯ ಮೇಲೆ ಇಡೀ ವರ್ಷದ ಲೆಕ್ಕ ನಿಂತಿರುತ್ತದೆ.

ಮನೆಯೊಳಗಿನ ಉಪಾಯಗಳನ್ನು ಹೆಚ್ಚು ಬೆಳೆಸಬೇಕಿಲ್ಲ: ಜೋಳದ ಅಂಬಲಿ, ಮಜ್ಜಿಗಿ, ಸೌತಿಕಾಯಿ, ಕಲ್ಲಂಗಡಿ, ಅಂಗಳದಲ್ಲಿ ಹಾಸಿಗೆ. ಗೋಕಾಕ ಪೇಟೆಯಲ್ಲಿ ಗಾಣ ತಿರುಗಿಸಿ ಕೊಡುವ ಕಬ್ಬಿನ ಹಾಲು. ದಕ್ಷಿಣದವರು ಹಾಲು ಎಂಬ ಮಾತು ಕೇಳಿ ಬೆರಗಾಗುತ್ತಾರೆ, ಅದು ಕಬ್ಬಿನ ರಸವೇ.

ಸಾಹಿತ್ಯ, ಪತ್ರಿಕೆ, ರೂಪಕ

ಈ ಮಾತನ್ನು ಬರಹಕ್ಕೆ ತಂದ ದೊಡ್ಡ ಲೇಖಕರಲ್ಲಿ ಹಲವರು ಈ ಸೀಮೆಯವರೇ. ಆನಂದಕಂದ ಎಂಬ ಹೆಸರಿನಿಂದ ಬರೆದ ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಹುಟ್ಟಿದ್ದು ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರ ಊರು ಮಲಾಮರಡಿ ಅದೇ ತಾಲೂಕಿನದು. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಹುಕ್ಕೇರಿ ತಾಲೂಕಿನ, ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ. ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಮನೆಮಾತು ಮಾಡಿದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇಬ್ಬರ ಊರುಗಳೂ ತುಕ್ಕಾನಟ್ಟಿಗೆ ದೂರದವೇನಲ್ಲ. ಬೇಸಗೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ಆಡುವ ಪಾರಿಜಾತಕ್ಕೂ ಧಗಿಗೂ ಒಂದು ಲೌಕಿಕ ನಂಟಿದೆ. ಮನೆಯೊಳಗೆ ನಿದ್ದೆ ಬಾರದ ತಿಂಗಳುಗಳಲ್ಲಿ ಬಯಲಾಟಕ್ಕೆ ಪ್ರೇಕ್ಷಕರ ಕೊರತೆ ಇರುವುದಿಲ್ಲ.

ಪತ್ರಿಕೆಗಳ ಕನ್ನಡದಲ್ಲಿ ಈ ಪದ ಧಗೆಯಾಗಿ, ಬಹುಪಾಲು ‘ಬಿಸಿಲ ಧಗೆ’ ಎಂಬ ಜೋಡಿಯಲ್ಲಿ ಕಾಣಿಸುತ್ತದೆ. ಬಸವಳಿದ ಜನ, ಬಿಸಿಲ ಧಗೆ, ಕಾದ ಕಾವಲಿಯಾದ ಭೂಮಿ ಎಂಬ ಅಚ್ಚುಗಳು ಪ್ರತಿ ಮಾರ್ಚಿಗೆ ಹೊರಬರುತ್ತವೆ. ಈ ಜೋಡಣೆ ಪದದ ಅರ್ಧ ಅರ್ಥವನ್ನು ಕಳೆದಿದೆ. ಧಗೆಯನ್ನು ಬಿಸಿಲಿಗೆ ಕಟ್ಟಿಹಾಕಿದ ಮೇಲೆ ರಾತ್ರಿಯ ಧಗೆ, ತಗಡಿನ ಕೆಳಗಿನ ಧಗೆ, ಕಬ್ಬಿನ ಒಳಗಿನ ಧಗೆ ಸುದ್ದಿಯಾಗುವುದಿಲ್ಲ. ಇದಕ್ಕೆ ಹೋಲಿಸಿದರೆ ‘ಕಾವು’ ರಾಜಕೀಯಕ್ಕೆ ಮೀಸಲಾಗಿಬಿಟ್ಟಿದೆ. ಬೆಳಗಾವಿ, ಚಿಕ್ಕೋಡಿ ಲೋಕಸಭಾ ಕ್ಷೇತ್ರಗಳಲ್ಲಿ 2024ರ ಮತದಾನ ಮೇ 7ರಂದು, ಬೇಸಗೆಯ ನಡುಮಧ್ಯದಲ್ಲಿ ನಡೆದಾಗ ಚುನಾವಣೆಯ ಕಾವು ಎಂಬ ಸವೆದ ಮಾತಿಗೆ ತುಸು ಜೀವ ಬಂದಿತ್ತು. ಆಡುಮಾತಿನ ರೂಪಕಗಳು ಇವಕ್ಕಿಂತ ಗಟ್ಟಿ. ಸಿಟ್ಟಿಗೆ “ಎದಿ ಧಗಧಗ ಅಂತೈತಿ”, ಹಸಿವಿಗೆ “ಹೊಟ್ಟ್ಯಾಗ ಧಗಿ ಎದ್ದೈತಿ” ಎನ್ನುವುದುಂಟು.

ಬೇರೆ ಸೀಮೆಗಳಲ್ಲಿ

ಕನ್ನಡದ ಎಲ್ಲ ಸೀಮೆಗಳಿಗೂ ಧಗಿ ಒಪ್ಪುವುದಿಲ್ಲ. ಕಾಸರಗೋಡಿನಿಂದ ಕಾರವಾರದವರೆಗೆ ಕರಾವಳಿಯ ಮಾತು ಸೆಕೆ, ಕುಂದಾಪುರದಲ್ಲಿ ಸೆಕಿ. ಕಡಲ ತೇವದ ನಾಡಿನಲ್ಲಿ ಬೆವರು ಆರದ ಸ್ಥಿತಿಯೇ ಬೇಸಗೆಯ ಮುಖ್ಯ ಅನುಭವ, ಆದ್ದರಿಂದ ಮೂಡಲಗಿಯವರು ಕುದಿ ಎನ್ನುವುದಕ್ಕೆ ಅವರ ಸೆಕೆ ಹತ್ತಿರ. ಹಳೇ ಮೈಸೂರಿನಲ್ಲೂ ಸೆಕೆಯೇ ನಡೆಯುತ್ತದೆ, ಧಗೆ ಬರಹದಲ್ಲಿ ಬರುತ್ತದೆ. ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಾಗ ನಗರವೆಲ್ಲ ದಂಗಾಗಿತ್ತು. ಗೋಕಾಕದಲ್ಲಿ ಅಂಥ ದಿನ ಸಂತೆ ನಡೆಯುತ್ತದೆ. ಕಲಬುರಗಿ, ರಾಯಚೂರುಗಳನ್ನು ಬಿಸಿಲುನಾಡು ಎಂದು ಕರೆಯುವ ರೂಢಿ ಇದ್ದು, ಅಲ್ಲಿ ‘ಐತಿ’ಯ ಬದಲು ‘ಅದ’ ಸೇರಿ “ಭಾಳ ಧಗಿ ಅದ” ಎಂದು ಕೇಳಿಸುತ್ತದೆ. ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕನ್ನಡಿಗರ ನೆರೆಯಲ್ಲಿ ಮರಾಠಿಯ ‘ಉಕಾಡಾ’ ಇದೆ. ಅದು ಧಗಿಗಿಂತ ಕುದಿಗೆ ಹೊಂದುವ ಪದ.

ಸುಡುವ ಕಾಲಕ್ಕೆ ಸಲುಗೆಯ ಹೆಸರಿಡುವುದು ಎಲ್ಲ ಕಡೆಯೂ ಇದೆ. ಉತ್ತರ ಭಾರತದ ‘ಲೂ’ ಬಿಸಿಗಾಳಿ, ನಮ್ಮ ಝಳದ ದಾಯಾದಿ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ಭಾರತದ ದಾಖಲೆಯಾದ 51 ಡಿಗ್ರಿ ಮುಟ್ಟಿತ್ತು. ತಮಿಳರು ಮೇ ತಿಂಗಳ ಸುಮಾರು ಮೂರೂವರೆ ವಾರವನ್ನು ಅಗ್ನಿನಕ್ಷತ್ರ, ಕತ್ತರಿ ವೆಯಿಲ್ ಎಂದು ಪಂಚಾಂಗದಲ್ಲೇ ಗುರುತಿಸುತ್ತಾರೆ. ಈಜಿಪ್ಟಿನ ಮರುಭೂಮಿಯ ಬಿಸಿಗಾಳಿ ‘ಖಮ್ಸೀನ್’, ಐವತ್ತು ಎಂಬ ಅರಬ್ಬಿ ಎಣಿಕೆಯ ಹೆಸರು. ಇಂಗ್ಲಿಷರಿಗೆ ಅಂಥ ಒಂದು ದಿನ ಬಂದರೆ ‘ಸ್ಕಾರ್ಚರ್’ ಎಂದು ಪತ್ರಿಕೆಯ ಮುಖಪುಟಕ್ಕೆ ಹಾಕುತ್ತಾರೆ. ನಮ್ಮಲ್ಲಿ ಹಾಗೆ ಹಾಕಹೊರಟರೆ ಮೂರು ತಿಂಗಳು ಬೇರೆ ಸುದ್ದಿಗೆ ಜಾಗ ಸಿಗದು.

ಅಳತೆ ಮತ್ತು ಎಚ್ಚರಿಕೆ

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಇದ್ದು, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಬಿಸಿಗಾಳಿ ಎಂದು ಪರಿಗಣಿಸುತ್ತದೆ. ವಾಡಿಕೆ ಏನೇ ಇರಲಿ, 45 ಡಿಗ್ರಿ ಮುಟ್ಟಿದರೂ ಬಿಸಿಗಾಳಿಯೇ. ಕರಾವಳಿಗೆ ಈ ಮಿತಿ 37 ಡಿಗ್ರಿಯಿಂದ ಶುರುವಾಗುತ್ತದೆ. ರಾಜ್ಯದಲ್ಲಿ 1988ರಲ್ಲಿ ಬರ ನಿರ್ವಹಣೆಗೆಂದು ಆರಂಭವಾದ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಹೋಬಳಿ ಮಟ್ಟದ ಸ್ವಯಂಚಾಲಿತ ಕೇಂದ್ರಗಳಿಂದ ಉಷ್ಣತೆ, ತೇವಾಂಶ, ಗಾಳಿಯ ಮಾಹಿತಿ ಕೂಡಿಸುತ್ತದೆ. ಅಹಮದಾಬಾದ್ 2010ರ ಬಿಸಿಗಾಳಿಯ ಸಾವುಗಳ ನಂತರ 2013ರಲ್ಲಿ ನಗರಕ್ಕೇ ಒಂದು ಶಾಖ ಕ್ರಿಯಾ ಯೋಜನೆ ರೂಪಿಸಿತು, ಅದು ದೇಶದ ಇತರ ಕಡೆಗೆ ಮಾದರಿಯಾಯಿತು.

ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಇದೆ. ಬೆಳಗಾವಿ ಜಿಲ್ಲೆ ಅದರಲ್ಲಿಲ್ಲ. ಜಿಲ್ಲಾ ಕೇಂದ್ರದ ಹವೆ ನೋಡಿದರೆ ಅದು ಸರಿಯೇ ಅನ್ನಿಸುತ್ತದೆ. ಬಾಗಲಕೋಟೆ ಜಿಲ್ಲೆಗೆ ಅಂಟಿಕೊಂಡಂತಿರುವ ಮೂಡಲಗಿ ಭಾಗದಲ್ಲಿ ಮಾತ್ರ ಜಿಲ್ಲೆಯ ಗಡಿಯಲ್ಲಿ ಧಗಿ ನಿಲ್ಲುವುದಿಲ್ಲ.

ತಾಪಮಾಪಕವನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆರಳಿನಲ್ಲಿ, ಸುಮಾರು ಎದೆಯೆತ್ತರದಲ್ಲಿ ಇಡುತ್ತಾರೆ. ಎಲ್ಲ ಊರುಗಳನ್ನು ಹೋಲಿಸಲು ಹಾಗೆ ಇಡಲೇಬೇಕು. ಆದರೆ ಆ ಪೆಟ್ಟಿಗೆಗೆ ಬಿಸಲ ತಾಕುವುದಿಲ್ಲ, ರಸ್ತೆಯ ಝಳ ಬಡಿಯುವುದಿಲ್ಲ, ಸ್ಲ್ಯಾಬಿನ ಕೆಳಗಿನ ರಾತ್ರಿ ಅದಕ್ಕೆ ಗೊತ್ತಿಲ್ಲ. ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ ಎಂಬ ಪ್ರಕಟಣೆ ಬಿಸಲಕ್ಕೆ ಮಾತ್ರ ಉತ್ತರ. ಬಿಸಿಲಿಗೇ ಬಾರದೆ ತಗಡಿನ ಮನೆಯಲ್ಲಿ ಮಲಗಿದ ಮುದುಕರಿಗೂ, ರಾತ್ರಿ ಪಾಳಿ ಮುಗಿಸಿ ಹಗಲು ನಿದ್ದೆ ಮಾಡಬೇಕಾದ ಕಾರ್ಖಾನೆ ಕೆಲಸಗಾರರಿಗೂ, ಕಬ್ಬಿನೊಳಗೆ ಕಳೆ ತೆಗೆಯುವ ಹೆಂಗಸರಿಗೂ ಅದು ಏನನ್ನೂ ಹೇಳುವುದಿಲ್ಲ. ಗ್ರಾಮ ಪಂಚಾಯಿತಿಗಳು ಬೇಸಗೆಯ ಸೂಚನೆ ಬರೆಯುವಾಗ ‘ಗರಿಷ್ಠ ತಾಪಮಾನ’ದ ಬದಲು ಊರಿನ ಪದಗಳನ್ನೇ ಬಳಸಲಿ: ಬಿಸಲಕ್ಕೆ ತಲೆಗೆ ಬಟ್ಟೆ ಮತ್ತು ನೆರಳು, ಝಳಕ್ಕೆ ಮುಖಕ್ಕೆ ಒದ್ದೆ ಟಾವೆಲ್ಲು, ಧಗಿಗೆ ತೆರೆದ ಕಿಟಕಿ ಮತ್ತು ಅಂಗಳದ ನಿದ್ದೆ, ಕುದಿಗೆ ಕೆಲಸ ನಿಲ್ಲಿಸಿ ನೀರು ಕುಡಿದು ಗಾಳಿಯಲ್ಲಿ ಕೂರುವುದು.